ಹಿಟ್ಟಿಲ್ಲದ ಬೆಳಗಿನ ತಿಂಡಿ

ಬೆಳಿಗ್ಗೆ ಡೇರಿಯ ಬಾಗಿಲು ತೆರೆಯುವ ಮೊದಲು ನನ್ನ ಹೊಟ್ಟೆಗೆ ಏನಾದರೂ ಬಿಸಿಯಾಗಿ ಬೀಳಲೇಬೇಕು. ಅದಕ್ಕೆ ನನಗೆ ಸಿಗುವ ಸಮಯ ಕಾಫಿ ಕಾಯಿಸುವಷ್ಟು ಮಾತ್ರ. ಬಾಣಲೆಗೆ ಒಂದು ಚಮಚ ತುಪ್ಪ ಹಾಕಿ, ಚೆನ್ನಾಗಿ ಹಣ್ಣಾದ ಬಾಳೆಹಣ್ಣನ್ನು ಕೈಯಲ್ಲೇ ಕಿವುಚಿ ಬಾಡಿಸುತ್ತೇನೆ. ಅದು ಸ್ವಲ್ಪ ಕೆಂಪಗಾಗುತ್ತಿದ್ದಂತೆ ಹಾಲು ಸುರಿಯುತ್ತೇನೆ. ನೆನೆಸಿ ಸಿಪ್ಪೆ ತೆಗೆದ ಬಾದಾಮಿ, ಹುರಿದ ಕಡಲೆಕಾಯಿ ಬೀಜ, ಒಂದು ಚೂರು ಕೊಬ್ಬರಿ ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿಯಾಗಿರುತ್ತದೆ. ಅದನ್ನು ಸೇರಿಸಿ ಕೈಯಾಡಿಸಿದರೆ ನೋಡುತ್ತಿದ್ದಂತೆಯೇ ಗಂಜಿಯ ಹಾಗೆ ಗಟ್ಟಿಯಾಗುತ್ತದೆ. ಒಂದು ಏಲಕ್ಕಿ ಕುಟ್ಟಿ ಹಾಕುತ್ತೇನೆ. ಮೇಲಕ್ಕೆ ಆ ಕಾಲದಲ್ಲಿ ಸಿಕ್ಕ ಹಣ್ಣು. ಸೀಬೆಯಾದರೆ ಸೀಬೆ, ಸಪೋಟವಾದರೆ ಸಪೋಟ, ಬೇಸಿಗೆಯಾದರೆ ಮಾವು. ಅಷ್ಟೇ. ರಾಗಿ ಇಲ್ಲ, ಅಕ್ಕಿ ಇಲ್ಲ, ರವೆ ಇಲ್ಲ, ಯಾವ ಹಿಟ್ಟೂ ಇಲ್ಲ.

ನಮ್ಮ ಕ್ಯಾಲನೂರಿನ ಕಡೆ ಹಿಟ್ಟು ಅಂದರೆ ಊಟ ಅಂತಲೇ ಅರ್ಥ. ‘ಹಿಟ್ಟುಂಡ್ಯಾ?’ ಎಂದು ಕೇಳಿದರೆ ರಾಗಿಮುದ್ದೆ ತಿಂದೆಯಾ ಎಂದು ಕೇಳಿದ ಹಾಗೆ. ಅಂಥ ಊರಿನಲ್ಲಿ ಬಾಳೆಹಣ್ಣು ಬಾದಾಮಿ ಬೇಯಿಸಿಕೊಂಡು ತಿನ್ನುವವಳೆಂದರೆ ನಗುವುದು ಸಹಜ. ಹಾಲು ಹಾಕಲು ಬರುವ ಹೆಂಗಸರು ನನ್ನ ಬಟ್ಟಲು ನೋಡಿ, ‘ಏನಕ್ಕಾ, ದಿನಾ ದೇವರ ಪ್ರಸಾದವಾ?’ ಎನ್ನುತ್ತಾರೆ. ನಾನೂ ನಗುತ್ತೇನೆ. ನನ್ನದೇ ಕಾಯಿಲೆ ಬಂದ ಇಬ್ಬರು ಮೂವರು ಹೆಂಗಸರು ಫೋನ್ ಮಾಡಿ ಇದನ್ನು ಹೇಗೆ ಮಾಡುವುದೆಂದು ಕೇಳಿದ್ದಾರೆ. ಮಾಡುವ ಬಗೆಯನ್ನು ಹೇಳಿಕೊಟ್ಟಿದ್ದೇನೆ. ಯಾಕೆ ಮಾಡುತ್ತೇನೆ ಅನ್ನುವುದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಮೊದಲು ಬಂದದ್ದು ಸುಸ್ತು. ನಾನು ಊರಿನ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ನಿಂತು ಮಾಡುವ ಕೆಲಸ. ಒಂದು ದಿನ ಹಾಲಿನ ಕ್ಯಾನು ಎತ್ತಲು ಹೋದರೆ ಕೈಯೇ ಏಳಲಿಲ್ಲ. ಆಮೇಲೆ ಹೊಟ್ಟೆಯುಬ್ಬರ, ಬಾಯಿ ತುಂಬ ಹುಣ್ಣು. ಉಂಡ ತಕ್ಷಣ ಹಿತ್ತಲಿಗೆ ಓಡುವ ಅವಸರ. ಕೋಲಾರಕ್ಕೆ ಬಸ್ಸು ಹತ್ತಬೇಕೆಂದರೆ ಹಿಂದಿನ ದಿನವೇ ಊಟ ಬಿಡುತ್ತಿದ್ದೆ. ರಕ್ತ ಕಡಿಮೆ ಇದೆಯೆಂದು ಮಾತ್ರೆ ಕೊಟ್ಟರು. ತಿಂಗಳುಗಟ್ಟಲೆ ನುಂಗಿದರೂ ರಕ್ತ ಏರಲಿಲ್ಲ. ‘ಅನ್ನ ಕಡಿಮೆ ಮಾಡಿ, ರಾತ್ರಿ ಚಪಾತಿ ತಿನ್ನಿ, ಶಕ್ತಿ ಬರುತ್ತೆ’ ಎಂದರು ಒಬ್ಬ ಡಾಕ್ಟರು. ನನ್ನ ಗಂಡ ಮುನಿರಾಜು ಟೊಮೇಟೊ, ಹಿಪ್ಪುನೇರಳೆ ಬೆಳೆಯುವ ಮನುಷ್ಯ. ಅವರು ಅದುವರೆಗೆ ಒಲೆ ಹಚ್ಚಿದವರಲ್ಲ. ಹೆಂಡತಿಗೆ ಸುಸ್ತೆಂದು ಯಾರ್‍ಯಾರನ್ನೋ ಕೇಳಿ ಚಪಾತಿ ಲಟ್ಟಿಸುವುದು ಕಲಿತರು. ಒಂದು ಚಪಾತಿಗೂ ಇನ್ನೊಂದಕ್ಕೂ ಆಕಾರದಲ್ಲಿ ಸಂಬಂಧವಿರುತ್ತಿರಲಿಲ್ಲ. ನಾನು ಒಂದನ್ನೂ ಬಿಡದೆ ತಿಂದೆ. ತಿಂದಷ್ಟೂ ಸೊರಗಿದೆ.

ಕೊನೆಗೆ ಕೋಲಾರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೊಟ್ಟೆಯ ಕಾಯಿಲೆ ನೋಡುವ ಲೇಡಿ ಡಾಕ್ಟರ ಹತ್ತಿರ ಹೋದೆವು. ಗಂಟಲಿನಿಂದ ಕೊಳವೆ ಬಿಟ್ಟು ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆ ಕೊಳವೆ ಹೋಗುವಾಗ ನರ್ಸಮ್ಮ ನನ್ನ ಹಣೆಯ ಮೇಲೆ ಕೈಯಿಟ್ಟು, ‘ಉಸಿರು ಬಿಡಿ, ಉಸಿರು ಬಿಡಿ ಅಮ್ಮಾ’ ಎನ್ನುತ್ತಲೇ ಇದ್ದರು. ಆ ಕೈ ಇಲ್ಲದಿದ್ದರೆ ನಾನು ಎದ್ದು ಓಡಿಬಿಡುತ್ತಿದ್ದೆ.

ರಿಪೋರ್ಟು ಬಂದ ದಿನ ಡಾಕ್ಟರು ಹೇಳಿದರು, ‘ನಿಮ್ಮ ಕರುಳಿಗೆ ಗೋಧಿ ಆಗಲ್ಲ. ಗೋಧಿ, ಮೈದಾ, ರವೆ, ಬಾರ್ಲಿ ಯಾವುದೂ ಬೇಡ. ಒಂದು ಚಿಟಿಕೇನೂ ಬೇಡ. ಬದುಕಿರೋವರೆಗೂ ಇಷ್ಟೇ.’

ನನಗೆ ನಗು ಬಂತು. ಚಪಾತಿ ಲಟ್ಟಿಸಿ ಲಟ್ಟಿಸಿ ಅಂಗೈ ಗಟ್ಟಿಯಾಗಿದ್ದ ಗಂಡ ಪಕ್ಕದಲ್ಲಿ ತಲೆತಗ್ಗಿಸಿ ಕೂತಿದ್ದರು.

‘ರಾಗಿ ತಿನ್ನಬಹುದಾ ಮೇಡಂ?’ ಎಂದು ಕೇಳಿದರು ಅವರು.

‘ಧಾರಾಳವಾಗಿ.’

‘ಹಂಗಾದ್ರೆ ಏನ್ ಭಯ? ನಮ್ದು ರಾಗಿ ತಿನ್ನೋ ಮನೆ,’ ಎಂದು ನನ್ನ ಕಡೆ ತಿರುಗಿದರು. ಆವತ್ತು ಬಸ್ಸಿನಲ್ಲಿ ಇಬ್ಬರೂ ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ಕಿಟಕಿಯಾಚೆ ನೋಡಿದೆವು.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ನನ್ನ ಅಕ್ಕ ರತ್ನಮ್ಮ ನನಗಿಂತ ಬಹಳ ದೊಡ್ಡವಳು. ನಾನು ಶಾಲೆಗೆ ಹೋಗುತ್ತಿದ್ದಾಗಲೇ ಅಮ್ಮ ತೀರಿಕೊಂಡಳು. ನನಗೆ ಜಡೆ ಹಾಕಿದ್ದು, ಊಟ ಇಕ್ಕಿದ್ದು, ಮದುವೆ ಮಾಡಿ ಕಳಿಸಿದ್ದು ಎಲ್ಲ ಅಕ್ಕನೇ. ಅವಳ ಮನೆ ಶ್ರೀನಿವಾಸಪುರದ ಹತ್ತಿರ, ಮಾವಿನ ತೋಪಿನ ಮಧ್ಯೆ. ನಮ್ಮಿಬ್ಬರ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಸಿಟ್ಟು ಬಂದರೆ ಕನ್ನಡ, ಮುದ್ದು ಬಂದರೆ ತೆಲುಗು.

‘ಗೋಧಿ ತಿಂದು ಯಾರಾದ್ರೂ ಕಾಯ್ಲೆ ಬೀಳ್ತಾರೇನೇ ಮಂಜೂ?’ ಎಂದಳು ಅಕ್ಕ. ‘ಮಗು ಹೆತ್ತೋರಿಗೆ, ಜ್ವರ ಬಂದೋರಿಗೆ ಗೋಧಿ ಗಂಜೀನೇ ಕೊಡೋದು.’

‘ನನ್ನ ಕರುಳಿಗೆ ಆಗಲ್ವಂತೆ ಅಕ್ಕಾ.’

‘ಆಯ್ತು ಬಿಡು. ಡಾಕ್ಟ್ರು ಹೇಳಿದ ಮೇಲೆ ಹಂಗೇ ಇರು,’ ಎಂದಳು. ದನಿಯಲ್ಲಿ ಒಪ್ಪಿಗೆ ಇರಲಿಲ್ಲ. ನಾನು ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ತೊಂದರೆ ಬಂದದ್ದು ಮಿಲ್ಲಿನಿಂದ. ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ಅದರಲ್ಲೇ ರಾಗಿಯನ್ನೂ ಬೀಸುತ್ತಾರೆ. ಅಷ್ಟು ಸೋಂಕೂ ಆಗದೆಂದು ಡಾಕ್ಟರು ಹೇಳಿದ್ದರು. ಆಗ ಅಕ್ಕನೇ ಮುಂದೆ ಬಂದಳು. ‘ಮಿಲ್ಲಿನ ಸಾವಾಸವೇ ಬೇಡ. ರಾಗಿ ನಾನೇ ಅರಳಿಸಿ, ಮನೇಲೇ ಪುಡಿ ಮಾಡಿ ಹುರಿಹಿಟ್ಟು ಕಳಿಸ್ತೀನಿ. ಬೆಳಿಗ್ಗೆ ಬಿಸಿ ಹಾಲು ಬೆಲ್ಲ ಹಾಕಿ ಕಲಸ್ಕೋ. ಡೇರಿಗೆ ಹೋಗೋ ಅವಸರಕ್ಕೂ ಸರಿಹೋಗುತ್ತೆ,’ ಎಂದಳು.

ಅಂದಿನಿಂದ ಪ್ರತಿ ತಿಂಗಳೂ ಶ್ರೀನಿವಾಸಪುರದ ಬಸ್ಸಿನಲ್ಲಿ ಸ್ಟೀಲಿನ ಡಬ್ಬಿ ಬರುತ್ತಿತ್ತು. ಮುಚ್ಚಳ ತೆರೆದರೆ ಅರಳಿದ ರಾಗಿಯ ವಾಸನೆ ಅಡುಗೆಮನೆ ತುಂಬುತ್ತಿತ್ತು. ಬೆಳಗಿನ ತಿಂಡಿ ಅದೇ. ಮಧ್ಯಾಹ್ನ ರಾತ್ರಿ ಅನ್ನ, ಸಾರು, ತರಕಾರಿ. ಕೆಲವು ತಿಂಗಳಲ್ಲಿ ನನ್ನ ಮುಖಕ್ಕೆ ಬಣ್ಣ ಬಂತು. ಬಾಯಿಯ ಹುಣ್ಣು ಮಾಯವಾಯಿತು. ಸಡಿಲವಾಗಿದ್ದ ಬಳೆಗಳು ಕೈಗೆ ಕೂತವು. ‘ಅಕ್ಕನ ಕೈ ನೋಡ್ರೀ,’ ಎಂದು ಗಂಡನಿಗೆ ಹೇಳಿಕೊಂಡು ಮೆರೆಯುತ್ತಿದ್ದೆ. ರಕ್ತಪರೀಕ್ಷೆ ನೋಡಿ ಡಾಕ್ಟರೂ ಸಂತೋಷಪಟ್ಟರು.

ದೀಪಾವಳಿ ಕಳೆದ ಮೇಲೆ ಮತ್ತೆ ಶುರುವಾಯಿತು.

ಮೊದಲು ಹೊಟ್ಟೆಯುಬ್ಬರ. ಏನೋ ಹಬ್ಬದ ಊಟದ ಏರುಪೇರು ಅಂದುಕೊಂಡೆ. ಆಮೇಲೆ ಸುಸ್ತು. ಆಮೇಲೆ ಓಟ. ಕನ್ನಡಿಯಲ್ಲಿ ಹಳೆಯ ಮುಖವೇ ಬಂದು ನಿಂತಿತು. ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು. ಗೋಧಿಯ ಮೇಲೆ ಮೈ ಮುನಿಸಿಕೊಂಡಿರುವುದನ್ನು ತೋರಿಸುವ ಅಂಶ ಮತ್ತೆ ಏರಿತ್ತು.

‘ಗೋಧಿ ತಿಂತಾ ಇದ್ದೀರ,’ ಎಂದರು ಡಾಕ್ಟರು.

‘ಇಲ್ಲ ಮೇಡಂ.’

‘ಮದುವೆ, ಗೃಹಪ್ರವೇಶ... ಎಲ್ಲಾದರೂ ಒಂದು ಹೋಳಿಗೆ?’

‘ನಿಮ್ಮಾಣೆ ಇಲ್ಲ.’

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆ ನೋಟ ಈಗಲೂ ನೆನಪಿದೆ. ಸುಳ್ಳು ಹೇಳುವ ರೋಗಿಗಳನ್ನು ದಿನಾ ನೋಡಿ ಅಭ್ಯಾಸವಾದವರ ನೋಟ ಅದು. ಆವತ್ತು ನನ್ನ ಜೊತೆ ಅಕ್ಕ ಬಂದಿದ್ದಳು. ಅವಳು ಕುರ್ಚಿಯಿಂದ ಮುಂದಕ್ಕೆ ಬಾಗಿ, ‘ಡಾಕ್ಟ್ರಮ್ಮಾ, ನಮ್ಮ ಹುಡುಗಿ ಅದನ್ನ ಮುಟ್ಟೋದೂ ಇಲ್ಲ. ಅವಳ ಮೇಲೆ ಅಂಥ ಮಾತು ಹೇಳ್ಬೇಡಿ,’ ಎಂದು ಬಿರುಸಾಗಿ ಹೇಳಿದಳು. ನನ್ನ ಕಣ್ಣು ತುಂಬಿತು. ಇಡೀ ಆಸ್ಪತ್ರೆ ನನ್ನನ್ನು ನಂಬದಿದ್ದರೂ ನನ್ನ ಅಕ್ಕ ನಂಬುತ್ತಾಳೆ ಅನ್ನಿಸಿತು.

‘ಹಾಗಾದರೆ ನಿಮಗೆ ಗೊತ್ತಿಲ್ಲದ ಹಾಗೆ ಎಲ್ಲಿಂದಲೋ ಹೋಗ್ತಾ ಇದೆ. ಹುಡುಕಿ,’ ಎಂದರು ಡಾಕ್ಟರು.

ಹುಡುಕಿದೆವು. ಅಕ್ಕ ಎರಡು ದಿನ ನಮ್ಮ ಮನೆಯಲ್ಲೇ ಉಳಿದಳು. ಅಂಗಡಿಯ ಇಂಗಿಗೆ ಮೈದಾ ಬೆರೆಸಿರುತ್ತಾರೆಂದು ಗೊತ್ತಾಗಿ ಇಂಗಿನ ಡಬ್ಬಿ ಹೊರಗೆ ಹೋಯಿತು. ಪ್ಯಾಕೆಟ್ಟಿನ ಸಾರಿನ ಪುಡಿ ಹೋಯಿತು. ಚಪಾತಿ ಲಟ್ಟಿಸಿದ್ದ ಮಣೆ, ಲಟ್ಟಣಿಗೆ, ಹಳೆಯ ಜರಡಿ ಎಲ್ಲವನ್ನೂ ಅಕ್ಕ ತಾನೇ ಎತ್ತಿ ಪಕ್ಕದ ಮನೆಗೆ ಕೊಟ್ಟುಬಂದಳು. ಡಬ್ಬಿಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಟ್ಟಳು. ಹುರಿಹಿಟ್ಟಿನ ಡಬ್ಬಿಯನ್ನು ಮಾತ್ರ ಒರೆಸಿ ಮತ್ತೆ ಅದೇ ಜಾಗಕ್ಕೆ ಇಟ್ಟಳು. ಅದನ್ನು ಅನುಮಾನಿಸುವ ಯೋಚನೆ ನನಗೆ ಬರಲೇ ಇಲ್ಲ. ಮಂದಿಯ ಹಾಲಿನಲ್ಲಿ ಒಂದು ಲೋಟ ನೀರಿದ್ದರೂ ಹಿಡಿಯುವವಳು ನಾನು.

ಮೈ ಇಳಿಯುತ್ತಲೇ ಹೋಯಿತು. ಕೊನೆಗೆ ಡಾಕ್ಟರು ಪೆನ್ನು ಕೆಳಗಿಟ್ಟು, ‘ನೀವು ನಿಜವಾಗಲೂ ತಿಂತಿಲ್ಲ ಅಂದರೆ ನಾನು ಬೇರೆ ದಾರಿ ಯೋಚಿಸಬೇಕು. ಕೆಲವರಿಗೆ ಈ ಕಾಯಿಲೆ ಮಾತು ಕೇಳದೆ ಬೇರೆ ಥರ ತಿರುಗುತ್ತೆ. ಕ್ಯಾನ್ಸರ್ ಥರದ್ದು ಏನಾದರೂ ಇದೆಯಾ ಅಂತ ಸ್ಕ್ಯಾನ್ ಮಾಡಿ ನೋಡೋಣ,’ ಎಂದರು.

ಆ ಶಬ್ದ ಕೇಳಿದ ಮೇಲೆ ಅವರು ಹೇಳಿದ್ದು ಏನೂ ನನ್ನ ಕಿವಿಗೆ ಬೀಳಲಿಲ್ಲ. ಗೋಡೆಯ ಮೇಲೆ ಕರುಳಿನ ಚಿತ್ರವೊಂದಿತ್ತು. ಅದನ್ನೇ ನೋಡುತ್ತ ಕೂತೆ. ನನ್ನ ಮಗಳು ಆಗ ಮಾಲೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳಿಗೆ ಯಾರು ಹೇಳುವುದು ಅನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಗಂಡ ಕುರುಡುಮಲೆಯ ಗಣಪತಿಗೆ ಹರಕೆ ಹೊತ್ತರು. ಆ ಮನುಷ್ಯ ಅಳುವುದನ್ನು ನಾನು ಕಂಡಿರಲಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತ, ನಾನು ಬಂದದ್ದು ತಿಳಿಯದೆ, ಬೆನ್ನು ತಿರುಗಿಸಿಕೊಂಡು ಅಳುತ್ತಿದ್ದರು.

ಸ್ಕ್ಯಾನಿನ ದಿನ ಮತ್ತೆ ಅಕ್ಕ ಬಂದಳು. ಬೆಳಿಗ್ಗೆಯಿಂದ ಹೊಟ್ಟೆಗೇನೂ ಇಲ್ಲದೆ ಸ್ಕ್ಯಾನಿಂಗ್ ಕೋಣೆಯ ಮುಂದೆ ಕಾಯುತ್ತ ಕೂತಿದ್ದೆ. ಅಕ್ಕ ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು. ‘ಏಮೀ ಲೇದು ತಲ್ಲೀ, ಏಮೀ ಲೇದು,’ ಏನೂ ಇಲ್ಲ ನನ್ನ ತಾಯೀ, ಏನೂ ಇಲ್ಲ ಎಂದು ಹೇಳುತ್ತಲೇ ಇದ್ದಳು. ಎಷ್ಟು ಖಚಿತವಾಗಿ ಹೇಳುತ್ತಾಳಲ್ಲ ಎಂದು ಧೈರ್ಯ ತಂದುಕೊಂಡೆ.

ಕೆಲಸ ಮುಗಿದು ಹೊರಗೆ ಬಂದಾಗ ಅಕ್ಕ ಔಷಧಿ ತರಲು ಕೆಳಗೆ ಹೋಗಿದ್ದಳು. ಪಕ್ಕದಲ್ಲಿ ಮುಳಬಾಗಿಲಿನ ಕಡೆಯ ಮುದುಕಿಯೊಬ್ಬಳು ಗಂಡನನ್ನು ಒಳಗೆ ಕಳಿಸಿ ಕೂತಿದ್ದಳು. ನನ್ನ ಮುಖ ನೋಡಿ ಪುಳಿಯೋಗರೆಯ ಡಬ್ಬಿ ತೆರೆದು ಚಾಚಿದಳು. ಗೋಧಿ, ಮೈದಾ ಏನೂ ನನಗಾಗದು ಎಂದೆ. ಅವಳು ಡಬ್ಬಿ ಹಿಂದಕ್ಕೆ ಎಳೆದುಕೊಂಡಳು.

‘ಇದ್ರಲ್ಲಿ ಅಂಗಡಿ ಪುಡಿ ಐತೆ ಕಣಮ್ಮಾ. ಅದಕ್ಕೆ ಏನ್ ಹಾಕವ್ರೋ ನಂಗೆ ಗೊತ್ತಿಲ್ಲ. ಬೇಡ. ಇರು,’ ಎಂದು ಚೀಲದಿಂದ ಕಿತ್ತಳೆಹಣ್ಣು ತೆಗೆದು, ಸುಲಿಯದೆ ನನ್ನ ಕೈಗಿಟ್ಟಳು. ‘ನೀನೇ ಸುಲ್ಕೊಂಡು ತಿನ್ನು. ನನ್ನ ಕೈಯೆಲ್ಲ ಪುಳಿಯೋಗರೆ.’

ಅವಳ ಹೆಸರನ್ನೂ ನಾನು ಕೇಳಲಿಲ್ಲ.

ಫಲಿತಾಂಶ ಬಂದಾಗ ಡಾಕ್ಟರು, ‘ಗೆಡ್ಡೆ ಏನೂ ಕಾಣಿಸ್ತಿಲ್ಲ, ಹೆದರಬೇಡಿ,’ ಎಂದರು. ಆದರೆ ಕರುಳು ಇನ್ನೂ ಕೆಟ್ಟಿರುವುದು ಯಾಕೆಂದು ತಿಳಿಯುತ್ತಿಲ್ಲ, ಹೊಸ ಮಾತ್ರೆ ಶುರುಮಾಡುವ ಮೊದಲು ಇನ್ನೊಮ್ಮೆ ಚೂರು ತೆಗೆದು ನೋಡಬೇಕಾಗಬಹುದು ಎಂದೂ ಹೇಳಿದರು. ನನಗೆ ಗೆಡ್ಡೆಯಿಲ್ಲ ಎಂಬುದಷ್ಟೇ ಸಾಕಾಗಿತ್ತು. ಆಸ್ಪತ್ರೆಯಿಂದ ನೇರ ಬಸ್ ನಿಲ್ದಾಣಕ್ಕೆ ಹೋಗಿ, ಗಂಡನನ್ನು ಊರಿಗೆ ಕಳಿಸಿ, ನಾನು ಶ್ರೀನಿವಾಸಪುರದ ಬಸ್ಸು ಹತ್ತಿದೆ. ಈ ಸುದ್ದಿಯನ್ನು ಅಕ್ಕನಿಗೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಅವಳ ಮುಖ ನೋಡುತ್ತ ಹೇಳಬೇಕಿತ್ತು.

ಮಾವಿನ ತೋಪು ಹೂಬಿಟ್ಟು ನಿಂತಿತ್ತು. ಅಂಗಳಕ್ಕೆ ಬಂದಾಗ ಹಿತ್ತಲ ಒಲೆಯ ಕಡೆಯಿಂದ ಹುರಿಯುವ ವಾಸನೆ ಬಂತು. ಅರಳುವ ರಾಗಿಯ ವಾಸನೆ ನನಗೆ ಗೊತ್ತು. ಇದು ಅದಲ್ಲ. ಚಪಾತಿ ಕಾವಲಿಯ ಮೇಲೆ ಉಬ್ಬುವಾಗ ಬರುವಂಥ ವಾಸನೆ. ಹಿತ್ತಲಿಗೆ ಹೋದೆ. ಅಕ್ಕ ನನಗೆ ಬೆನ್ನು ಹಾಕಿ ಕೂತು ಬಾಣಲೆಯಲ್ಲಿ ಕೈಯಾಡಿಸುತ್ತಿದ್ದಳು. ಪಕ್ಕದ ಮೊರದಲ್ಲಿ ಅರಳಿದ ರಾಗಿ ಬೆಳ್ಳಗೆ ಹರಡಿತ್ತು. ಬಾಣಲೆಯಲ್ಲಿ ಗೋಧಿ ಇತ್ತು. ಹೋದ ತಿಂಗಳು ನಾನು ತಿರುಗಿ ಕಳಿಸಿದ್ದ ಸ್ಟೀಲಿನ ಡಬ್ಬಿ ತೊಳೆದು ಬೋರಲು ಹಾಕಿತ್ತು.

‘ಅಕ್ಕಾ.’

ತಿರುಗಿದಳು. ಮುಖ ಅರಳಿತು. ‘ಅಯ್ಯೋ, ಏನೇ ಹೇಳ್ದೇ ಕೇಳ್ದೇ? ಏನಂದ್ರು ಡಾಕ್ಟ್ರು?’

‘ಗೆಡ್ಡೆ ಇಲ್ವಂತೆ.’

‘ನಾನು ಹೇಳ್ಲಿಲ್ವಾ? ನಾನು ಹೇಳ್ಲಿಲ್ವಾ ಏನೂ ಇಲ್ಲ ಅಂತ!’ ಎಂದು ಏಳಲು ಹೋದಳು.

‘ಆ ಗೋಧಿ ಯಾರಿಗೆ ಅಕ್ಕಾ?’

ಕೈ ನಿಂತಿತು. ನನ್ನನ್ನು ನೋಡಿದಳು. ಮೊರವನ್ನು ನೋಡಿದಳು. ಮನೆಗೆ, ಕೆಲಸದವರಿಗೆ, ಯಾರಿಗೆಂದರೂ ನಾನು ನಂಬುತ್ತಿದ್ದೆ. ನಂಬಲು ಸಿದ್ಧಳಾಗಿಯೇ ನಿಂತಿದ್ದೆ. ಅವಳು ಸುಳ್ಳು ಹೇಳಲಿಲ್ಲ.

‘ನಿಂಗೇ ಕಣೇ,’ ಎಂದಳು.

ಒಲೆಯಲ್ಲಿ ಗೋಧಿ ಸೀಯಲು ಶುರುವಾಯಿತು. ಇಬ್ಬರೂ ಬಾಣಲೆ ಇಳಿಸಲಿಲ್ಲ.

‘ಯಾವಾಗಿಂದ?’

‘ದೀಪಾವಳಿ ಆದ್ಮೇಲಿಂದ. ಮೈ ಚೆನ್ನಾಗಾಗಿತ್ತಲ್ಲ, ಇನ್ನು ತಡ್ಕೋತೀಯ ಅಂದ್ಕೊಂಡೆ. ಮೊದ್ಲು ಒಂದು ಹಿಡಿ. ಆಮೇಲೆ ಸ್ವಲ್ಪ ಜಾಸ್ತಿ. ಸ್ವಲ್ಪ ಸ್ವಲ್ಪವೇ ಕೊಟ್ರೆ ಮೈಗೆ ಒಗ್ಗುತ್ತೆ ಕಣೇ ಮಂಜೂ. ನನ್ನ ಮಗ ಗಿರೀಶ ಚಿಕ್ಕೋನಿದ್ದಾಗ ಹಾಲು ಕುಡುದ್ರೆ ಕಕ್ಕೋನು, ನೆಪ್ಪಿಲ್ವಾ? ಅವನಿಗೆ ಗೊತ್ತಾಗದಂಗೆ ಗಂಜೀಲಿ ಬೆರೆಸಿ ಬೆರೆಸಿ ಕೊಟ್ಟೆ. ಈಗ ಚೊಂಬುಗಟ್ಲೆ ಕುಡೀತಾನೆ.’

‘ನಾನು ಸಾಯ್ತಾ ಇದ್ದೆ ಅಕ್ಕಾ.’

‘ಅಮ್ಮನ್ನೂ ಹಿಂಗೇ ಮಾಡಿದ್ರು!’ ಅವಳ ದನಿ ಏರಿತು. ‘ಅದು ತಿನ್ಬೇಡ, ಇದು ತಿನ್ಬೇಡ ಅಂತ ಹೇಳಿ ಹೇಳಿ, ಕೊನೆಗೆ ಮೂಳೆ ಚಕ್ಕಳ ಮಾಡಿ ಕಳಿಸಿದ್ರು. ನೀನು ಚಿಕ್ಕೋಳು, ನಿಂಗೆ ಗೊತ್ತಿಲ್ಲ. ನಾನು ಎತ್ತಿ ಮಲಗಿಸ್ತಿದ್ದೆ. ನನ್ನ ತಂಗೀನೂ ಹಂಗೇ ಆಗೋದನ್ನ ನೋಡ್ಕೊಂಡು ಕೂತ್ಕೊಳ್ಳಾ?’

ಅಮ್ಮನಿಗೂ ಇದೇ ಕಾಯಿಲೆ ಇದ್ದಿರಬಹುದೆಂದು ನನಗೆ ಆ ಕ್ಷಣ ಹೊಳೆಯಿತು. ಅದನ್ನು ಹೇಳುವ ತ್ರಾಣ ನನ್ನಲ್ಲಿರಲಿಲ್ಲ. ಬೇರೆಯದನ್ನು ಕೇಳಿದೆ.

‘ಡಾಕ್ಟರು ನಾನು ಸುಳ್ಳು ಹೇಳ್ತೀನಿ ಅಂದಾಗ ನೀನು ಪಕ್ಕದಲ್ಲೇ ಇದ್ದೆ. ಸ್ಕ್ಯಾನಿಂಗ್ ರೂಮಿನ ಮುಂದೆ ನನ್ನ ಕೈ ಹಿಡ್ಕೊಂಡು ಕೂತಿದ್ದೆ. ಆಗಲಾದ್ರೂ ಹೇಳ್ಬೇಕು ಅನ್ನಿಸ್ಲಿಲ್ವಾ?’

ಅವಳು ಒಲೆಯ ಸೌದೆಯನ್ನು ಹೊರಗೆಳೆದಳು. ‘ಅನ್ನಿಸ್ತು,’ ಎಂದಳು ಕೊನೆಗೆ.

‘ಮತ್ತೆ?’

‘ಹೇಳಿದ್ರೆ ನೀನು ನನ್ನ ಕೈಯಿಂದ ಇನ್ಯಾವತ್ತೂ ತಿಂತಿರ್ಲಿಲ್ಲ.’

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ‘ಮಂಜೂ, ನೀರಾದ್ರೂ ಕುಡ್ಕೊಂಡು ಹೋಗೇ,’ ಎಂದು ಅಂಗಳದವರೆಗೆ ಬಂದಳು. ಅವಳ ಮನೆಯ ನೀರನ್ನೂ ನಾನು ಕುಡಿಯಲಿಲ್ಲ.

ಊರಿಗೆ ಬಂದು ಗಂಡನಿಗೆ ಹೇಳಿದೆ. ಅವರು, ‘ಅಕ್ಕ ಬೇಕೂಂತ ಮಾಡಿಲ್ಲ ಬಿಡು. ನಿನ್ನ ಒಳ್ಳೇದಕ್ಕೇ ಅಂತ ಅಂದ್ಕೊಂಡು ಮಾಡವ್ರೆ,’ ಎಂದರು. ಅಕ್ಕನ ಮಾತು ಕೇಳಿ ಬತ್ತಿಹೋಗಿದ್ದ ಅಳು ಆ ಮಾತಿಗೆ ಬಂತು. ನನ್ನ ಪರವಾಗಿ ಒಂದು ದಿನ, ಒಂದೇ ಒಂದು ದಿನ, ಅವರು ಸಿಟ್ಟಾಗಬೇಕಿತ್ತು. ಬೇಕೂಂತಲೇ ಮಾಡಿದ್ದಳು. ತಿಂಗಳು ತಿಂಗಳೂ ಹಿಡಿ ಹೆಚ್ಚಿಸುತ್ತ ಹೋಗುವುದಕ್ಕೆ ಇನ್ನೇನೆನ್ನುತ್ತಾರೆ?

ಮರುದಿನ ಬೆಳಿಗ್ಗೆ ಅರ್ಧ ಖಾಲಿಯಾಗಿದ್ದ ಹುರಿಹಿಟ್ಟನ್ನು ತಿಪ್ಪೆಗೆ ಸುರಿದು ಬಂದೆ. ಹೊಟ್ಟೆ ಹಸಿದಿತ್ತು. ಡೇರಿಗೆ ಹೊತ್ತಾಗಿತ್ತು. ಗಂಡನ ಮುದ್ದೆಗೆಂದು ಇಟ್ಟ ರಾಗಿ ಹಿಟ್ಟಿನ ಡಬ್ಬಿ ಮುಟ್ಟಿದರೂ ಕೈ ಹಿಂದಕ್ಕೆ ಬಂತು. ಅಕ್ಕಿ ಹಿಟ್ಟಿಗೂ ಅಷ್ಟೇ. ಹಿಟ್ಟೆಂದರೆ ಅದರೊಳಗೆ ಏನಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ದೇವರ ಮುಂದೆ ಗಂಡ ಕುರುಡುಮಲೆಯಿಂದ ತಂದ ಪ್ರಸಾದದ ಬಾಳೆಹಣ್ಣಿನ ಚಿಪ್ಪಿತ್ತು. ಹಣ್ಣು ಮಾಗಿ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದಿತ್ತು. ಸಿಪ್ಪೆ ಮುಚ್ಚಿಕೊಂಡೇ ಹುಟ್ಟುವ ಹಣ್ಣು. ಅದರೊಳಗೆ ಯಾರೂ ಏನನ್ನೂ ಬೆರೆಸಲಾರರು. ತೋಟದ ಬದಿಯಲ್ಲಿ ಬೆಳೆದ ಕಡಲೆಕಾಯಿ ಮೂಲೆಯ ಚೀಲದಲ್ಲಿತ್ತು, ಸಿಪ್ಪೆಯೊಡೆಯದೆ. ತೆಂಗಿನಕಾಯಿ ಇತ್ತು. ಹಣ್ಣು ಸುಲಿದೆ, ಕಡಲೆಕಾಯಿ ಒಡೆದು ಹುರಿದು ಕುಟ್ಟಿದೆ, ಕಾಯಿ ತುರಿದೆ. ಹಾಲು ನಮ್ಮ ಹಸುವಿನದೇ. ಎಲ್ಲವನ್ನೂ ಬಾಣಲೆಗೆ ಹಾಕಿ ಕುದಿಸಿ, ನಿಂತುಕೊಂಡೇ ತಿಂದೆ. ನಾಲಿಗೆ ಸುಟ್ಟಿತು. ರುಚಿ ಏನೆಂದು ತಿಳಿಯಲಿಲ್ಲ. ಹೊಟ್ಟೆ ತಣ್ಣಗಾಯಿತು.

ಬಾದಾಮಿ, ಏಲಕ್ಕಿ ಆಮೇಲೆ ಸೇರಿದವು. ಅಂಗಡಿಯಲ್ಲಿ ಬಾದಾಮಿ ಪುಡಿ ಸಿಗುತ್ತದೆ, ಕೆಲಸ ಹಗುರವಾಗುತ್ತದೆ. ನಾನು ತರುವುದಿಲ್ಲ. ಇಡೀ ಬೀಜವನ್ನೇ ತಂದು ನಾನೇ ನೆನೆಸುತ್ತೇನೆ.

ಡಾಕ್ಟರಿಗೆ ನಡೆದದ್ದನ್ನು ಹೇಳಿದಾಗ ಅವರು ಕನ್ನಡಕ ತೆಗೆದಿಟ್ಟರು. ‘ನಾನು ನಿಮ್ಮನ್ನ ನಂಬಲಿಲ್ಲ ಅಲ್ವಾ? ಕ್ಷಮಿಸಿ ಅಮ್ಮಾ,’ ಎಂದರು. ಯಾರೂ ಕೇಳದಿದ್ದ ಕ್ಷಮೆಯನ್ನು ಅವರು ಕೇಳಿದರು. ನಾನು ಕೈಮುಗಿದೆ. ಹೊಸ ಮಾತ್ರೆ ಬೇಕಾಗಲಿಲ್ಲ. ಮೆಲ್ಲಮೆಲ್ಲಗೆ ಕರುಳು ಮಾಗಿತು. ಮಗಳು ರಜೆಗೆ ಬಂದಾಗ ಬಾಗಿಲಲ್ಲೇ ನಿಂತು, ‘ಅಮ್ಮಾ, ನಿನ್ನ ಕೆನ್ನೆ ವಾಪಸ್ ಬಂದಿದೆ,’ ಎಂದಳು. ರಕ್ತಪರೀಕ್ಷೆ ಸರಿಯಾದ ಮೇಲೆ ಡಾಕ್ಟರು, ‘ಇನ್ನು ಶುದ್ಧ ಮಾಡಿದ ರಾಗಿ ತಿನ್ನಿ, ಬರೀ ಹಣ್ಣಿನ ಮೇಲೆ ಯಾಕೆ ಬೆಳಗು ಕಳೀತೀರ?’ ಎಂದರು. ಮಧ್ಯಾಹ್ನದ ಅನ್ನಕ್ಕೆ ತೊಂದರೆಯಿರಲಿಲ್ಲ, ಅದು ಕಾಳಾಗಿ ಕಾಣುತ್ತದೆ. ಆದರೆ ರಾಗಿಮುದ್ದೆ ತಟ್ಟೆಗೆ ಬಂದರೆ ಮುರಿದ ತುತ್ತು ಬಾಯಿಯವರೆಗೆ ಹೋಗಿ ನಿಲ್ಲುತ್ತಿತ್ತು. ಹುಟ್ಟಿದಾಗಿನಿಂದ ತಿಂದ ಹಿಟ್ಟು ಅದು. ಕರುಳು ವಾಸಿಯಾದರೂ ಕೈ ವಾಸಿಯಾಗಲಿಲ್ಲ.

ಅಕ್ಕನ ಜೊತೆ ಮಾತು ಬಿಟ್ಟಿದ್ದೆ. ಬೇಸಿಗೆಯಲ್ಲಿ ಅವಳ ತೋಪಿನಿಂದ ಮಾವಿನ ಬುಟ್ಟಿ ಬಂತು. ಹುಲ್ಲು ಸರಿಸಿ ನೋಡಿದರೆ ನನಗಿಷ್ಟವಾದ ಬಾದಾಮಿ ಜಾತಿಯ ಮಾವು. ಸಿಪ್ಪೆ ಇರುವ ಹಣ್ಣು ಎಂದು ತಿಂದೆ. ಬೆಳಗಿನ ಬಿಸಿ ಗಂಜಿಯ ಮೇಲೆ ಹೆಚ್ಚಿ ಹಾಕಿಕೊಂಡು ಬುಟ್ಟಿ ಖಾಲಿಯಾಗುವವರೆಗೂ ತಿಂದೆ. ಅಕ್ಕನಿಗೆ ಫೋನ್ ಮಾಡಲಿಲ್ಲ. ಅವಳು ಗಂಡನ ಹತ್ತಿರ, ‘ತಿಂದ್ಲಾ?’ ಎಂದು ಮಾತ್ರ ಕೇಳಿದಳಂತೆ.

ಕಳೆದ ವರ್ಷ ಅಕ್ಕನ ಕಣ್ಣಿಗೆ ಪೊರೆ ಬಂತು. ಕೋಲಾರದಲ್ಲಿ ಬೆಳಿಗ್ಗೆ ಬೇಗ ತೋರಿಸಬೇಕಿತ್ತು. ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿದುಕೊಳ್ಳಲಿ ಎಂದು ಗಂಡ ಹೇಳಿದರು. ನಾನು ಬೇಡವೆನ್ನಲಿಲ್ಲ. ಸಂಜೆ ಬಂದಳು. ಕೈಯಲ್ಲಿ ಬಟ್ಟೆಯ ಚೀಲ ಬಿಟ್ಟರೆ ಬೇರೇನೂ ಇರಲಿಲ್ಲ. ತಂಗಿಯ ಮನೆಗೆ ಅವಳು ಬರಿಗೈಯಲ್ಲಿ ಬಂದದ್ದು ಅದೇ ಮೊದಲು. ನಾನು ಬಡಿಸಿದ್ದನ್ನು ಊಟ ಮಾಡಿ ಮಲಗಿದಳು. ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ.

ಬೆಳಿಗ್ಗೆ ಹಾಲಿನ ಗಾಡಿ ಬೇಗ ಬರುತ್ತದೆಂದು ಫೋನ್ ಬಂತು. ನಾನು ಅವಸರದಲ್ಲಿ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಾಗ ಅಕ್ಕ ಹೊಸ್ತಿಲ ಆಚೆ ನಿಂತು ಕೇಳಿದಳು, ‘ನಿಂದು ಆ ತಿಂಡಿ... ನಾನು ಮಾಡ್ಲಾ?’

ಬೇಡ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಅವಳು ಮಂಜು ಕವಿದ ಕಣ್ಣನ್ನು ಕಿರಿದು ಮಾಡಿಕೊಂಡು ನನ್ನ ಮುಖವನ್ನು ಹುಡುಕುತ್ತಿದ್ದಳು.

‘ಬಾ,’ ಎಂದೆ.

ಅವಳು ಒಳಗೆ ಬಂದು ಒಲೆ ಹಚ್ಚಿದಳು. ನಾನು ಡೇರಿಗೆ ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತೆ. ಅವಳು ಬಾಳೆಹಣ್ಣು ಸುಲಿದಳು, ಕಿವುಚಿದಳು. ಬಾದಾಮಿಯ ಬಟ್ಟಲನ್ನು ನನಗೆ ಕಾಣುವ ಹಾಗೆ ಓರೆ ಮಾಡಿ ಆಮೇಲೆ ಮಿಕ್ಸಿಗೆ ಹಾಕಿದಳು. ಕಡಲೆಕಾಯಿ ಬೀಜವನ್ನು ಅಂಗೈಯಲ್ಲಿ ಹರಡಿ ತೋರಿಸಿ ಹಾಕಿದಳು. ನಾನು ಯಾವುದನ್ನೂ ತೋರಿಸು ಎಂದಿರಲಿಲ್ಲ. ಬೇಡವೆಂದೂ ಅನ್ನಲಿಲ್ಲ. ಹೊರಗೆ ಯಾರೋ ‘ಮಂಜುಳಕ್ಕಾ, ಡೇರಿ ತೆಗೀರಿ’ ಎಂದು ಕೂಗಿದರು. ನಾನು ಅಲುಗಲಿಲ್ಲ.

ಗಂಜಿ ಗಟ್ಟಿಯಾದ ಮೇಲೆ ಅವಳು ಒಂದು ಚಮಚ ತೆಗೆದು ಊದಿ ತಾನು ಮೊದಲು ತಿಂದಳು. ಆಮೇಲೆ ಬಟ್ಟಲಿಗೆ ಬಗ್ಗಿಸಿ, ಸೀಬೆಹಣ್ಣು ಹೆಚ್ಚಿ ಹಾಕಿ ನನ್ನ ಕೈಗೆ ಕೊಟ್ಟಳು.

‘ಮುಂದಿನ ಸಲ ಬಂದ್ರೂ ಹಿಂಗೇ ನಿಂತ್ಕೊಂಡು ನೋಡ್ತೀಯಾ?’ ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ‘ನೋಡ್ತೀನಿ ಅಕ್ಕಾ,’ ಎಂದೆ.

ಅವಳು ತಲೆಯಾಡಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡಳು.

‘ನೋಡು,’ ಎಂದಳು. ‘ನೋಡ್ಕೊಂಡಾದ್ರೂ ತಿನ್ನು.’